ಕ್ರೈಸ್ತರು ಸುವಾರ್ತೆ ಸಾರುವುದು ಯಾಕೆ?

ಯೇಸುವೇ ಹಾಗೆ ಮಾಡಿ ಅಂತ ಹೇಳಿದ್ದಾನೆ ಎಂಬ ನಂಬಿಕೆಯಿಂದ. ಎಲ್ಲ ಜನಾಂಗದವರನ್ನೂ ಶಿಷ್ಯರನ್ನಾಗಿ ಮಾಡಿ ಎಂಬ ಆತನ ಮಾತು ಬೈಬಲ್‌ನ ಮತ್ತಾಯನ ಸುವಾರ್ತೆ ಎಂಬ ಪುಸ್ತಕದ 28ನೇ ಅಧ್ಯಾಯದ ಕೊನೆಯಲ್ಲಿದೆ.

ಆದರೆ ಬರೀ ಆಜ್ಞೆ ಅಂತ ನೋಡಿದರೆ ಅರ್ಧ ಮಾತ್ರ ಅರ್ಥವಾಗುತ್ತದೆ. ಸುವಾರ್ತೆ ಅಂದರೆ ಒಳ್ಳೆಯ ಸುದ್ದಿ, ಅಲ್ವಾ? ಯೇಸು ಸತ್ತು ಮತ್ತೆ ಎದ್ದು ಬಂದದ್ದರಿಂದ ಪಾಪಕ್ಕೆ ಕ್ಷಮೆ ಸಿಗುತ್ತದೆ ಎಂಬುದೇ ಆ ಸುದ್ದಿ. ಸುದ್ದಿಯನ್ನು ಯಾರೂ ಕೂತಲ್ಲೇ ಯೋಚಿಸಿ ಕಂಡುಕೊಳ್ಳಲು ಆಗುವುದಿಲ್ಲ, ಯಾರಾದರೂ ಬಂದು ಹೇಳಲೇಬೇಕು. ಸಾರುವವರೇ ಇಲ್ಲದಿದ್ದರೆ ಜನರ ಕಿವಿಗೆ ಬೀಳುವುದು ಹೇಗೆ ಅಂತ ಮೊದಲ ಕಾಲದ ಕ್ರೈಸ್ತ ಪ್ರಚಾರಕ ಪೌಲ ರೋಮಿನವರಿಗೆ ಬರೆದ ಪತ್ರದ 10ನೇ ಅಧ್ಯಾಯದಲ್ಲಿ ಕೇಳುವುದೂ ಇದಕ್ಕೇ. ಹಾಗಾಗಿ ನಿಜವಾಗಿ ನಂಬಿದವರಿಗೆ, ಗೊತ್ತಿದ್ದೂ ಸುಮ್ನೆ ಇರುವುದು ಪ್ರೀತಿ ಇಲ್ಲದ ಹಾಗೆ ಅನಿಸುತ್ತದೆ. ಬಲವಂತ, ಆಮಿಷ ಸೇರಿಕೊಂಡರೆ ಮಾತ್ರ ಅದು ಸುದ್ದಿ ಹೇಳುವ ಕೆಲಸವಾಗಿ ಉಳಿಯುವುದಿಲ್ಲ ಅಂತ ನನಗನಿಸುತ್ತದೆ.