ವಯಸ್ಸಾದಂತೆ ರೋಗನಿರೋಧಕ ಶಕ್ತಿಯನ್ನು ಅಳೆಯಬಹುದೇ?

ಪ್ರಶ್ನೆ: ನನಗೆ 68 ವರ್ಷ, ಆರೋಗ್ಯವಾಗಿದ್ದೇನೆ. ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳು ಮೈಕ್ರೋಲೀಟರಿಗೆ 6,200 ಎಂದು ಬಂದಿದೆ. ನನ್ನ ರೋಗನಿರೋಧಕ ಶಕ್ತಿ ಕುಂದಿಲ್ಲವೆಂದು ಭಾವಿಸಬಹುದೇ?

ಉತ್ತರ: ಸಂಖ್ಯೆ ಸಹಜವಾಗಿಯೇ ಇದೆ, ಆದರೆ ಅದು ಎಣಿಕೆಯೇ ಹೊರತು ಸಾಮರ್ಥ್ಯದ ಅಳತೆಯಲ್ಲ. ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯು ಹರೆಯದ ನಂತರ ಕುಗ್ಗುತ್ತಾ ಬಹುಮಟ್ಟಿಗೆ ಕೊಬ್ಬಾಗಿ ಮಾರ್ಪಡುವುದರಿಂದ, ಹೊಸ ರೋಗಾಣುವನ್ನು ಎದುರಿಸಬೇಕಾದ ‘ಅನನುಭವಿ’ ಟಿ ಕೋಶಗಳು (ಥೈಮಸ್‌ನಲ್ಲಿ ಬಲಿಯುವ ಒಂದು ಬಗೆಯ ಬಿಳಿ ರಕ್ತಕಣಗಳು) ವಿರಳವಾಗಿ, ಹಳೆಯ ಸೋಂಕುಗಳ ನೆನಪು ಹೊತ್ತ ಕೋಶಗಳು ಆ ಜಾಗವನ್ನು ತುಂಬುತ್ತವೆ. ಒಟ್ಟು ಎಣಿಕೆ ಮಾತ್ರ ಹಾಗೆಯೇ ಉಳಿಯಬಹುದು. ಈ ಒಳಬದಲಾವಣೆಯನ್ನು ಸಂಶೋಧಕರು, ರಕ್ತದ ಕೋಶಗಳನ್ನು ಬಗೆಬಗೆಯಾಗಿ ಗುರುತಿಸಿ ಎಣಿಸುವ ಫ್ಲೋ ಸೈಟೋಮೆಟ್ರಿ ಎಂಬ ಪರೀಕ್ಷೆಯಿಂದ ನೋಡುತ್ತಾರೆ. ಸ್ವೀಡನ್ನಿನಲ್ಲಿ ಅತಿ ವೃದ್ಧರ ಮೇಲೆ ನಡೆದ ಅಧ್ಯಯನಗಳಲ್ಲಿ, ಸಿಡಿ4 ಮತ್ತು ಸಿಡಿ8 ಎಂಬ ಎರಡು ಬಗೆಯ ಟಿ ಕೋಶಗಳ ಅನುಪಾತ 1ಕ್ಕಿಂತ ಕಡಿಮೆಯಿದ್ದವರಲ್ಲಿ ಮರಣದ ಪ್ರಮಾಣ ಹೆಚ್ಚಿತ್ತು. ಆದರೂ ಆರೋಗ್ಯವಂತರು ಈ ಪರೀಕ್ಷೆಯನ್ನು ತಾವಾಗಿ ಮಾಡಿಸಿಕೊಳ್ಳಬೇಕಿಲ್ಲ. ಲಸಿಕೆಯ ನಂತರ ಪ್ರತಿಕಾಯಗಳು ಎಷ್ಟು ಏರುತ್ತವೆ ಎಂಬುದೇ, ನನ್ನ ದೃಷ್ಟಿಯಲ್ಲಿ, ಹೆಚ್ಚು ನಂಬಬಹುದಾದ ಸುಳಿವು.