ಪ್ರಾರ್ಥನೆ ಬಾಯಿಗೆ ಬಾರದ ದಿನಗಳಲ್ಲಿ

ಪ್ರಶ್ನೆ: ಪತಿ ತೀರಿಕೊಂಡು ಕೆಲವು ತಿಂಗಳಾಗಿವೆ. ಪ್ರಾರ್ಥನೆಗೆಂದು ಮೊಣಕಾಲೂರಿದರೆ ಒಂದು ಮಾತೂ ಹೊರಡುವುದಿಲ್ಲ, ದೇವರ ಮೇಲೆ ಸಿಟ್ಟು ಮಾತ್ರ ಉಕ್ಕುತ್ತದೆ. ನನ್ನ ವಿಶ್ವಾಸ ಹೊರಟೇಹೋಯಿತೇ?

ಉತ್ತರ: ಇಲ್ಲ. ಇಲ್ಲದವರ ಮೇಲೆ ಯಾರೂ ಸಿಟ್ಟಾಗುವುದಿಲ್ಲ. ಬೈಬಲಿನ 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಗೋಳು, ದೂರು, ಪ್ರಶ್ನೆಗಳೇ. ಶಿಲುಬೆಯ ಮೇಲೆ ಯೇಸು ಕೂಗಿದ್ದೂ ಅಂಥದ್ದೇ ಒಂದು ಸಾಲು: ದೇವರೇ, ಯಾಕೆ ಕೈಬಿಟ್ಟೆ ಎಂದು ಕೇಳುವ 22ನೆಯ ಕೀರ್ತನೆಯ ಆರಂಭ.

ನಿಮ್ಮದೇ ಮಾತು ಹುಡುಕುವ ಕಷ್ಟ ಸದ್ಯಕ್ಕೆ ಬೇಡ. 13ನೆಯ ಕೀರ್ತನೆಯನ್ನು ತೆಗೆದುಕೊಳ್ಳಿ; ಆರೇ ವಚನ. ದಿನಕ್ಕೊಮ್ಮೆ, ಒಂದೇ ಹೊತ್ತಿಗೆ, ಬಾಯಿಬಿಟ್ಟು ಓದಿ. ಮನಸ್ಸಿನಲ್ಲೇ ಓದಿದರೆ ದುಃಖದಲ್ಲಿರುವವರ ಗಮನ ಎರಡನೆಯ ಸಾಲಿಗೇ ಜಾರಿಹೋಗುತ್ತದೆ. ಅದರ ಕಟ್ಟು ಗಮನಿಸಿ. ಮೊದಲ ಎರಡು ವಚನಗಳಲ್ಲಿ ‘ಇನ್ನೆಷ್ಟು ಕಾಲ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಮುಂದಿನ ಎರಡರಲ್ಲಿ ಬೇಡಿಕೆ: ನನ್ನ ಕಡೆ ನೋಡು, ಉತ್ತರ ಕೊಡು. ಕೊನೆಯ ಎರಡರಲ್ಲಿ ಭರವಸೆ. ನಡುವೆ ಪರಿಸ್ಥಿತಿ ಬದಲಾಯಿತು ಎಂದು ಎಲ್ಲೂ ಹೇಳಿಲ್ಲ.

ಕೆಲವು ದಿನ ಹೀಗೆ ಓದಿದ ಮೇಲೆ ಅದೇ ಕಟ್ಟಿನಲ್ಲಿ ನಿಮ್ಮದನ್ನು ಬರೆಯಿರಿ. ದೇವರನ್ನು ನೀವು ಕರೆಯುವ ಹೆಸರು ಮೊದಲು. ಆಮೇಲೆ ಆದದ್ದನ್ನು ಆದ ಹಾಗೆಯೇ: ‘ಕಷ್ಟದಲ್ಲಿದ್ದೇನೆ’ ಅಂತಲ್ಲ, ‘ರಾತ್ರಿ ಎರಡಕ್ಕೆ ಎಚ್ಚರವಾದರೆ ಪಕ್ಕದ ಹಾಸಿಗೆ ಖಾಲಿ’ ಅಂತ. ನಂತರ ಒಂದೇ ಒಂದು ಬೇಡಿಕೆ, ಆ ದಿನಕ್ಕೆ ಸಾಕಾಗುವಷ್ಟು. ಕೊನೆಗೆ ಭರವಸೆಯ ಒಂದು ಸಾಲು, ಬಂದರೆ. ಬರದಿದ್ದರೆ ಬಲವಂತ ಬೇಡ. 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಅದೂ ಬೈಬಲಿನಲ್ಲಿದೆ. ಎಲ್ಲರೂ ಎಡವುವುದು ಇಲ್ಲೇ: ದೂರನ್ನು ಹಾರಿಸಿ ನೇರ ಸ್ತೋತ್ರಕ್ಕೆ ನೆಗೆಯುತ್ತಾರೆ. ಹಾಗೆ ನುಂಗಿದ ದೂರು ಕರಗುವುದಿಲ್ಲ, ಒಳಗೇ ಕೂತು ಪ್ರಾರ್ಥನೆಯನ್ನೇ ಬಾಯಿಪಾಠ ಮಾಡಿಬಿಡುತ್ತದೆ.

ಆರಾಧನೆಯಲ್ಲಿ ಹಾಡು ಶುರುವಾದ ಕೂಡಲೇ ಅಳು ಬರುತ್ತದೆಂದು ಎಷ್ಟೋ ಜನ ಸಭೆಗೆ ಹೋಗುವುದನ್ನೇ ಬಿಡುತ್ತಾರೆ. ಬಿಡಬೇಡಿ. ಬಾಗಿಲ ಹತ್ತಿರದ ಬೆಂಚಿನ ತುದಿಯಲ್ಲಿ ಕೂರಿ, ‘ನಡುವೆ ಎದ್ದು ಹೋಗಬಹುದು’ ಎಂದು ಸಭಾಪಾಲಕರಿಗೋ ಫಾದರ್‌ಗೋ ಮೊದಲೇ ಹೇಳಿಡಿ. ಹಾಡಲಾಗದಿದ್ದರೆ ಉಳಿದವರು ನಿಮಗಾಗಿ ಹಾಡಲಿ. ಮಾರ್ಕನ ಸುವಾರ್ತೆಯ 2ನೆಯ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತರುತ್ತಾರೆ. ಯೇಸು ಕಂಡದ್ದು ‘ಅವರ’ ನಂಬಿಕೆಯನ್ನು ಎಂದೇ ಅಲ್ಲಿ ಬರೆದಿದೆ.

ಪ್ರಶ್ನೆ: ಕೆಲಸ ಹೋಗಿದೆ. ನಿಮಗೆ ಒಳ್ಳೆಯ ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುತ್ತೇನೆ ಎಂದು ದೇವರು ಹೇಳುವ ಯೆರೆಮೀಯ 29:11 ಅನ್ನು ಗೋಡೆಗೆ ಅಂಟಿಸಿ ದಿನವೂ ಹೇಳುತ್ತಿದ್ದೇನೆ. ಏನೂ ಆಗಲಿಲ್ಲ. ನನ್ನ ನಂಬಿಕೆ ಸಾಲದೇ?

ಉತ್ತರ: ಸಾಲದ್ದು ನಂಬಿಕೆಯಲ್ಲ, ಓದು. ಒಂದು ವಚನ ಹಿಂದಕ್ಕೆ ಹೋಗಿ: ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ ಅದು, ಬಿಡುಗಡೆಗೆ 70 ವರ್ಷ ಎನ್ನುತ್ತದೆ. ಇನ್ನೂ ಹಿಂದೆ, 5ನೆಯ ವಚನದಲ್ಲಿ, ಮನೆ ಕಟ್ಟಿ ವಾಸಿಸಿ, ತೋಟ ಮಾಡಿ ಫಲ ತಿನ್ನಿ ಎಂದಿದೆ. ಇದು ಈ ತಿಂಗಳೇ ಕೆಲಸ ಸಿಗುತ್ತದೆ ಎಂಬ ಮಾತಲ್ಲ. ಕಾಯಬೇಕಾದ ಊರಿನಲ್ಲೂ ಬದುಕು ಕಟ್ಟಿಕೊಳ್ಳಿ, ನಿಮ್ಮನ್ನು ಮರೆತಿಲ್ಲ ಎಂಬ ಮಾತು. ನಮಗೆ ಇದೇ ಹೆಚ್ಚಿನ ಸಮಾಧಾನ ಅನಿಸುತ್ತದೆ, ಏಕೆಂದರೆ ಕೆಲಸ ಸಿಗದ ದಿನವೂ ಇದು ಸುಳ್ಳಾಗುವುದಿಲ್ಲ. ಯಾವ ವಚನವನ್ನಾದರೂ ಹಿಡಿಯುವ ಮೊದಲು ಆ ಇಡೀ ಅಧ್ಯಾಯ ಓದಿ. ಕಣ್ಣುಮುಚ್ಚಿ ಪುಟ ತೆರೆದು ಬೆರಳಿಡುವ ಅಭ್ಯಾಸ ಬಿಡಿ.

ಪ್ರಶ್ನೆ: ಗೆಳತಿಯ ಮಗು ತೀವ್ರವಾಗಿ ಕಾಯಿಲೆ ಬಿದ್ದಿದೆ. ಏನು ಹೇಳಲಿ?

ಉತ್ತರ: ಕಡಿಮೆ ಹೇಳಿ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಕೆಡಿಸಿದ್ದು ಆಮೇಲೆ, ಬಾಯಿ ತೆರೆದಾಗ. ‘ಎಲ್ಲವೂ ಒಳ್ಳೆಯದಕ್ಕೆ’, ‘ಏನೋ ಪಾಪವಿರಬೇಕು’ ಇವೆರಡೂ ಬೇಡವೇ ಬೇಡ. ಎರಡನೆಯದನ್ನು ಯೇಸುವೇ ಯೋಹಾನ 9:3ರಲ್ಲಿ, ಹುಟ್ಟುಕುರುಡನೊಬ್ಬನ ವಿಷಯದಲ್ಲಿ, ತಳ್ಳಿಹಾಕಿದ್ದಾನೆ. ‘ಏನಾದರೂ ಬೇಕಿದ್ದರೆ ಹೇಳು’ ಅನ್ನುವುದೂ ಬೇಡ. ಕೇಳುವ ಹೊರೆ ಅವಳ ಮೇಲೇ ಬೀಳುತ್ತದೆ. ‘ಗುರುವಾರ ರಾತ್ರಿ ಮಗುವಿನ ಪಕ್ಕ ನಾನಿರುತ್ತೇನೆ, ನೀನು ಮಲಗು’ ಅನ್ನಿ. ಪ್ರಾರ್ಥಿಸಬಹುದೇ ಎಂದು ಕೇಳಿ, ಒಪ್ಪಿದರೆ ಮಗುವಿನ ಹೆಸರು ಹೇಳಿ ಒಂದು ನಿಮಿಷದಲ್ಲಿ ಮುಗಿಸಿ. ಆ ಹೊತ್ತಿಗೆ ಪ್ರಸಂಗ ಬೇಡ.

ಪ್ರಶ್ನೆ: ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವುದು ಅವಿಶ್ವಾಸ ಎನ್ನುತ್ತಾರೆ. ನಿಲ್ಲಿಸಲೇ?

ಉತ್ತರ: ನಿಲ್ಲಿಸಬೇಡಿ. ಮಾತ್ರೆಯನ್ನು ಹಠಾತ್ತನೆ ಬಿಟ್ಟರೆ ತಲೆಸುತ್ತು, ನಿದ್ರಾಹೀನತೆ, ಕಾಯಿಲೆ ಮರುಕಳಿಸುವುದು ಎಲ್ಲವೂ ಆಗಬಹುದು. ಕಡಿಮೆ ಮಾಡುವುದಿದ್ದರೆ ವೈದ್ಯರೇ ಹಂತಹಂತವಾಗಿ ಮಾಡಬೇಕು. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯನು ಸಾವು ಬೇಡಿ ಗಿಡದ ಕೆಳಗೆ ಮಲಗಿದಾಗ ದೇವದೂತನು ಗದರಿಸಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಿದವನನ್ನು ಇನ್ನೊಮ್ಮೆ ಎಬ್ಬಿಸಿ ಉಣಿಸಿದ. ದೇವರು ಅವನ ಜೊತೆ ಮಾತಾಡಿದ್ದು ಆಮೇಲೆ, ಹೋರೇಬ್ ಬೆಟ್ಟದಲ್ಲಿ. ದೇಹದ ಆರೈಕೆಯೂ ದೇವರ ಕೆಲಸವೇ. ಸಾಯಬೇಕೆಂಬ ಯೋಚನೆ ನಿಮಗೂ ಬರುತ್ತಿದ್ದರೆ ಭಾನುವಾರದವರೆಗೆ ಕಾಯಬೇಡಿ. ಮನೆಯವರೊಬ್ಬರಿಗೆ ಈಗಲೇ ಹೇಳಿ, ಒಬ್ಬರೇ ಇರಬೇಡಿ, ಇವತ್ತೇ ವೈದ್ಯರನ್ನು ಕಾಣಿ.