ಜರ್ಮನಿಗೆ ಹೊರಟವರಿಗೆ ಬಟ್ಟೆ ಮಾಸ್ಕ್ ಸಾಕಾ?

(ಮಾರ್ಚ್ 2021ರ ಕೋವಿಡ್ ಕಾಲದ ಪ್ರಶ್ನೋತ್ತರ. ಇಲ್ಲಿರುವ ಮಾಸ್ಕ್ ನಿಯಮ, ದಂಡಗಳೆಲ್ಲ ಆಗಿನವು, ಈಗಿನವಲ್ಲ.)

ಪ್ರಶ್ನೆ: ಮಗ ಮುಂದಿನ ತಿಂಗಳು ಓದಲು ಮ್ಯೂನಿಕ್‌ಗೆ ಹೊರಟಿದ್ದಾನೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಲುಫ್ತಾನ್ಸಾ ವಿಮಾನ, ಅಲ್ಲಿಂದ ರೈಲು. ಮೂರು ಪದರದ ಕಾಟನ್ ಮಾಸ್ಕ್ ನಾನೇ ಹೊಲಿದಿದ್ದೇನೆ. ವಾಲ್ವ್ ಇರುವ ಎನ್‌95 ಕೂಡ ಇದೆ. ಇಷ್ಟು ಸಾಕಲ್ವಾ? ಅವನಿಗೆ ಸ್ವಲ್ಪ ಆಸ್ತಮಾ. ಡಾಕ್ಟರ್ ಚೀಟಿ ತೋರಿಸಿದರೆ ಮಾಸ್ಕ್ ಬಿಡಬಹುದಾ?
– ಒಬ್ಬ ತಾಯಿ, ಹಾಸನ

ಉತ್ತರ: ಕಾಟನ್ ಮಾಸ್ಕ್ ಊರಲ್ಲೇ ಇರಲಿ. ಲುಫ್ತಾನ್ಸಾದಲ್ಲಿ ಫೆಬ್ರವರಿ 1ರಿಂದ ಬಟ್ಟೆ ಮಾಸ್ಕ್ ನಡೆಯುವುದಿಲ್ಲ. ಸರ್ಜಿಕಲ್, ಎಫ್‌ಎಫ್‌ಪಿ2 (ಗಾಳಿಯ ಸಣ್ಣ ಕಣಗಳನ್ನು ಸೋಸುವ ಯುರೋಪಿನ ದರ್ಜೆಯ ಮಾಸ್ಕ್) ಅಥವಾ ಅದಕ್ಕೆ ಸಮನಾದ ಎನ್‌95 ಬೇಕು. ಜರ್ಮನಿಯ ರೈಲು, ಅಂಗಡಿಗಳಲ್ಲೂ ಜನವರಿಯಿಂದ ಇದೇ ನಿಯಮ. ಮ್ಯೂನಿಕ್ ಇರುವ ಬವೇರಿಯ ರಾಜ್ಯ ಇನ್ನೂ ಬಿಗಿ. ಅಲ್ಲಿ ಬಸ್, ಮೆಟ್ರೊ, ಅಂಗಡಿಗಳಿಗೆ ಸರ್ಜಿಕಲ್ ಕೂಡ ಸಾಲದು. ಜನವರಿ 18ರಿಂದ ಎಫ್‌ಎಫ್‌ಪಿ2 ದರ್ಜೆಯದೇ ಆಗಬೇಕು. ತಪ್ಪಿದರೆ 250 ಯೂರೊ ದಂಡ. ಬೆಂಗಳೂರಿನಲ್ಲೂ ದಂಡ 250ಯೇ, ಆದರೆ ರೂಪಾಯಿ! ದಾರಿಯುದ್ದಕ್ಕೂ ನಿಯಮ ಬದಲಾಗುತ್ತದೆ ಅಂತ ಮಾಸ್ಕ್ ಬದಲಿಸುತ್ತಾ ಕೂರುವುದು ಬೇಡ. ಎಲ್ಲಕ್ಕಿಂತ ಬಿಗಿಯಾದ ನಿಯಮಕ್ಕೆ ಹೊಂದುವುದನ್ನೇ ಮನೆಯಿಂದ ಹಾಕಿಕೊಂಡು ಹೊರಡಲಿ. ಒದ್ದೆಯಾದರೆ ಬದಲಿಸಲು ಜಾಸ್ತಿ ಇಟ್ಟುಕೊಳ್ಳಲಿ.

ವಾಲ್ವ್ ಇರುವುದನ್ನು ಒಯ್ಯಬಾರದು. ಅದು ಎಳೆದುಕೊಳ್ಳುವ ಗಾಳಿಯನ್ನು ಸೋಸುತ್ತದೆ, ಬಿಡುವ ಉಸಿರನ್ನು ಸೋಸದೆ ಹೊರಗೆ ಹಾಕುತ್ತದೆ. ಹಾಕಿಕೊಂಡವನಿಗೇ ಸೋಂಕಿದ್ದರೆ ಪಕ್ಕದ ಸೀಟಿನವರ ಗತಿ ಏನು? ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೂ 2020ರ ಜುಲೈಯಲ್ಲಿ ಈ ಬಗ್ಗೆ ರಾಜ್ಯಗಳನ್ನು ಎಚ್ಚರಿಸಿತ್ತು.

ಕೊಳ್ಳುವಾಗ ಪೊಟ್ಟಣದ ಮೇಲೆ ಸುಮ್ನೆ 'ಎನ್‌95' ಅಂತ ಅಚ್ಚಾಗಿದ್ದರೆ ನಂಬಬೇಡಿ. ಮಾಸ್ಕ್ ಮೇಲೆಯೇ ಎಫ್‌ಎಫ್‌ಪಿ2, ಇಎನ್ 149 (ಈ ಮಾಸ್ಕ್‌ಗಳಿಗೆ ಯುರೋಪಿನ ಗುಣಮಟ್ಟದ ಸಂಖ್ಯೆ), ಯುರೋಪಿನ ಸಿಇ ಗುರುತು, ಅದರ ಪಕ್ಕ ನಾಲ್ಕಂಕಿಯ ಸಂಖ್ಯೆ ಇದೆಯಾ ನೋಡಿ. ನಮ್ಮ ಐಎಸ್‌ಐನಲ್ಲಿ ಇದಕ್ಕಿರುವ ಸಂಖ್ಯೆ ಐಎಸ್ 9473. ಮಗ ಗಡ್ಡ ಬಿಟ್ಟಿದ್ದರೆ ಬೋಳಿಸಲಿ. ಅಂಚು ಚರ್ಮಕ್ಕೆ ಅಂಟದಿದ್ದರೆ ಗಾಳಿ ಸಂದಿಯಲ್ಲೇ ನುಸುಳುತ್ತದೆ, ಎಷ್ಟು ದುಬಾರಿ ಮಾಸ್ಕಾದರೂ ಅಷ್ಟೇ.

ಇನ್ನು ಆಸ್ತಮಾ. ಬರೀ ಚೀಟಿ ನಡೆಯದು. ವಿನಾಯಿತಿ ಬೇಕಾದರೆ ವಿಮಾನ ಸಂಸ್ಥೆಯದೇ ಫಾರಂನಲ್ಲಿ ಡಾಕ್ಟರ್ ಬರೆದುಕೊಡಬೇಕು, ಜೊತೆಗೆ 48 ಗಂಟೆಗಿಂತ ಹಳೆಯದಲ್ಲದ ಕೋವಿಡ್ ನೆಗೆಟಿವ್ ವರದಿಯೂ ಬೇಕು. ಆದರೆ ಹಿಡಿತದಲ್ಲಿರುವ ಆಸ್ತಮಾಕ್ಕೆ ವಿನಾಯಿತಿ ಕೇಳುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಈಗಿನಿಂದಲೇ ಮನೆಯಲ್ಲಿ ದಿನಾ ಸ್ವಲ್ಪ ಹೊತ್ತು ಹಾಕಿಕೊಂಡು ರೂಢಿ ಮಾಡಿಕೊಳ್ಳಲಿ. ಉಸಿರು ಕಟ್ಟಿದಂತಾದರೆ ಹೊರಡುವ ಮೊದಲೇ ಡಾಕ್ಟರಿಗೆ ತೋರಿಸಿ. ಇನ್ಹೇಲರ್ ಕೈಚೀಲದಲ್ಲೇ ಇರಲಿ, ಸೂಟ್‌ಕೇಸಿಗೆ ಹಾಕಬೇಡಿ.